ಬೆಟ್ಟದ ಕಾಡಲ್ಲಿ ಜಿಂಕೆ: ಕಾದು ಕೂರುವುದಾ, ನಡೆದು ಹುಡುಕುವುದಾ?

ಲೈಸೆನ್ಸ್ ಕೈಯಲ್ಲಿದೆ, ಬೇಟೆಯ ಸೀಸನ್ ಶುರುವಾಗಿದೆ, ಕಾಡು ಹೊಸದು. ಈಗ ದಾರಿ ಎರಡು.

ಕಾದು ಕೂರುವವರಿಗೆ ಜಾಗವೇ ಎಲ್ಲ. ಎರಡು ಗುಡ್ಡಗಳ ನಡುವಿನ ತಗ್ಗು, ಕಡಿದಾದ ಇಳಿಜಾರಿನ ಮಧ್ಯೆ ಸಿಗುವ ಸಮತಟ್ಟು ಪಟ್ಟಿ, ಹೊಳೆ ದಾಟುವ ಕಡೆ ಕೂರಿ. ಜಿಂಕೆಗಳೂ ಸುಲಭದ ದಾರಿಯನ್ನೇ ಹಿಡಿಯುತ್ತವೆ ಅಲ್ವಾ? ಬೇಟೆಗಾರರ ಓಡಾಟ ಜಾಸ್ತಿ ಇರುವ ದಿನ ಇದೇ ಒಳ್ಳೆಯದು. ಬೇರೆಯವರು ಎಬ್ಬಿಸಿದ ಜಿಂಕೆ ನಿಮ್ಮ ಕಡೆ ಬರಬಹುದು. ತರಗೆಲೆ ಒಣಗಿ ಚರಚರ ಅನ್ನುವಾಗಲೂ ಕೂರುವುದೇ ಸರಿ. ಚಳಿ ತಡೆಯಬೇಕು, ಅಷ್ಟೇ.

ನಡೆದು ಹುಡುಕುವುದು ಮಳೆ ಬಿದ್ದ ಮರುದಿನಕ್ಕೆ, ಮೆತ್ತನೆಯ ಹಿಮಕ್ಕೆ ಹೇಳಿ ಮಾಡಿಸಿದ್ದು. ನಡೆಯುವುದಕ್ಕಿಂತ ನಿಂತು ನೋಡುವುದೇ ಜಾಸ್ತಿ ಇರಬೇಕು. ಎರಡು ಹೆಜ್ಜೆ, ಆಮೇಲೆ ಬೈನಾಕ್ಯುಲರ್. ಇಡೀ ಜಿಂಕೆಯನ್ನು ಹುಡುಕಬೇಡಿ. ಅಲುಗುವ ಕಿವಿ, ನೆಟ್ಟಗೆ ನಿಂತ ಮರಗಳ ನಡುವೆ ಅಡ್ಡಗೆರೆಯಂತೆ ಕಾಣುವ ಬೆನ್ನು, ಇಂಥದ್ದನ್ನು ನೋಡಿ. ಹಸಿ ಹಿಕ್ಕೆ, ಮರಕ್ಕೆ ಕೊಂಬು ಉಜ್ಜಿದ ಗುರುತು ಸಿಕ್ಕರೆ ಇನ್ನೂ ನಿಧಾನಿಸಿ.

ಗಾಳಿಯ ವಿಷಯದಲ್ಲಿ ಎರಡಕ್ಕೂ ಒಂದೇ ಲೆಕ್ಕ. ಬಿಸಿಲೇರಿದಂತೆ ಇಳಿಜಾರಿನ ಗಾಳಿ ಮೇಲಕ್ಕೆ ಹೋಗುತ್ತದೆ, ಸಂಜೆ ತಂಪಾದಂತೆ ಕೆಳಕ್ಕೆ ಹರಿಯುತ್ತದೆ. ಹಾಗಾಗಿ ಹಗಲಲ್ಲಿ ಜಿಂಕೆಗಿಂತ ಮೇಲಿರಿ, ಸಂಜೆ ಕೆಳಗಿರಿ. ನಿಮ್ಮ ವಾಸನೆ ಹತ್ತಿತೋ, ಮುಗಿಯಿತು.

ಹೊಸಬರಿಗೆ ನನ್ನ ಮಾತು: ಬೆಳಿಗ್ಗೆ, ಸಂಜೆ ಕೂರಿ. ಮಧ್ಯಾಹ್ನ ಬೇಕಿದ್ದರೆ ದಟ್ಟ ಪೊದೆಗಳ ಅಂಚಿನಲ್ಲಿ ನಡೆಯಿರಿ. ಕಿತ್ತಳೆ ಜಾಕೆಟ್ ಮಾತ್ರ ಬಿಡಬೇಡಿ. ಆ ಬಣ್ಣ ಜಿಂಕೆಯ ಕಣ್ಣಿಗೆ ಎದ್ದು ಕಾಣುವುದಿಲ್ಲ, ಉಳಿದ ಬೇಟೆಗಾರರಿಗೆ ಚೆನ್ನಾಗಿ ಕಾಣುತ್ತದೆ.