ಟಿಶ್ಯೂ ಕಲ್ಚರ್ ಹತ್ತಿ ಸಸಿ ಅಂತ ಯಾರಾದರೂ ಬಂದರೆ ದುಡ್ಡು ಕೊಡಬೇಡಿ

ಶಿರಸಿ, ಮುಂಡಗೋಡ, ಹಳಿಯಾಳ ಕಡೆಯವರು ದಯವಿಟ್ಟು ಓದಿ. ಟಿಶ್ಯೂ ಕಲ್ಚರ್ ಅಂದರೆ ಬೀಜ ಇಲ್ಲದೆ, ಗಿಡದ ಸಣ್ಣ ತುಣುಕಿನಿಂದ ಲ್ಯಾಬಿನಲ್ಲಿ ಸಸಿ ಬೆಳೆಸುವುದು. ಆ ಹೆಸರಿನಲ್ಲಿ ನನ್ನ 27,000 ರೂಪಾಯಿ ಹೋಯಿತು. ಹೇಳಿಕೊಳ್ಳಲು ನಾಚಿಕೆ ಆಗುತ್ತದೆ, ಆದರೂ ಹೇಳುತ್ತಿದ್ದೇನೆ.

ನಮ್ಮ ತೋಟ ಶಿರಸಿ ಹತ್ತಿರ. ಮುಂಡಗೋಡದಲ್ಲಿ ಸ್ವಲ್ಪ ಹೊಲ ಇದೆ. ಅಪ್ಪ ಅಲ್ಲಿ ಧಾರವಾಡದ ಜಯಲಕ್ಷ್ಮಿ ಹತ್ತಿ ಬೆಳೆದವರು. ನಾನೂ ಅರ್ಧ ಎಕರೆ ಹಾಕೋಣ ಅಂದುಕೊಂಡಾಗಲೇ ಒಬ್ಬ ನರ್ಸರಿಯವನು ಸಿಕ್ಕಿದ. "ಲ್ಯಾಬಿನಲ್ಲಿ ಬೆಳೆಸಿದ ಟಿಶ್ಯೂ ಸಸಿ ಹೆಗಡೇರೆ. ನಿಮ್ಮ ಜಿ-9 ಬಾಳೆ ಹಾಗೇ, ಎಲ್ಲಾ ಒಂದೇ ಸಮ ಬರ್ತದೆ" ಅಂದ. ನಮ್ಮ ಟಿಶ್ಯೂ ಬಾಳೆ ಚೆನ್ನಾಗೇ ಬಂದಿತ್ತು. ನಂಬಿದೆ. 1800 ಸಸಿ, ಒಂದಕ್ಕೆ 15 ರೂಪಾಯಿ. ಪೂರ್ತಿ ದುಡ್ಡು ಮೊದಲೇ ಕೊಟ್ಟೆ.

ಜೂನ್‌ನಲ್ಲಿ ನೆಟ್ಟೆವು. ಹದಿನೈದು ದಿನಕ್ಕೆ ಅರ್ಧಕ್ಕರ್ಧ ಬಾಡಿತು. ಒಂದನ್ನು ಕಿತ್ತು ನೋಡಿದೆ. ತಾಯಿಬೇರು ಟ್ರೇಯ ತಳಕ್ಕೆ ತಾಗಿ ಸುರುಳಿ ಸುತ್ತಿಕೊಂಡಿತ್ತು. ಮಣ್ಣು ಉದುರಿಸಿದರೆ ಒಳಗೆ ಕೆಂಪು ಸಿಪ್ಪೆ. ಬೀಜದ ಸಿಪ್ಪೆ! ಪ್ಯಾಕೆಟ್ ಬೀಜಕ್ಕೆ ಔಷಧಿ ಜೊತೆ ಬಣ್ಣ ಹಚ್ಚಿರುತ್ತಾರಲ್ಲ, ಅದೇ ಬಣ್ಣ. ಇನ್ನೊಂದು ಕಿತ್ತೆ, ಅದರಲ್ಲೂ. ಹತ್ತು ಕಿತ್ತೆ, ಏಳರಲ್ಲಿ ಸಿಪ್ಪೆ. ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ. ಲ್ಯಾಬಿನ ಬಾಟಲಿಯಲ್ಲಿ ಹುಟ್ಟಿದ ಗಿಡಕ್ಕೆ ಆ ಸಿಪ್ಪೆ ಎಲ್ಲಿಂದ ಬಂತು? ಸಾವಿರ ರೂಪಾಯಿ ಒಳಗೆ ಸಿಗುವ ಬೀಜವನ್ನೇ ಟ್ರೇಯಲ್ಲಿ ಮೊಳೆಸಿ ನನಗೆ 27,000ಕ್ಕೆ ಮಾರಿದ್ದ.

ಫೋನ್ ಮಾಡಿದೆ. "ನೀರು ಜಾಸ್ತಿ ಆಗಿರಬೇಕು ನೋಡಿ" ಅಂದ. ಸಿಪ್ಪೆ ವಿಷಯ ಹೇಳಿದೆ. "ಟ್ರೇ ಹಳೇದು, ಯಾವುದೋ ಬೀಜ ಉಳಿದಿರ್ತದೆ." ಏಳು ಗಿಡದಲ್ಲೂನಾ ಅಂದೆ. ಉತ್ತರ ಇಲ್ಲ. ಯಾವ ಲ್ಯಾಬು ಅಂತ ಮೂರು ಸಲ ಕೇಳಿದೆ. "ಅದೆಲ್ಲಾ ಹೇಳ್ಲಿಕ್ಕೆ ಬರೋದಿಲ್ಲ." ಕೊನೆಗೆ, "ಬಿಲ್ ನೋಡ್ಕೊಳ್ಳಿ ಹೆಗಡೇರೆ, ಹತ್ತಿ ಸಸಿ ಅಂತಷ್ಟೇ ಬರೆದಿದ್ದೇನೆ." ನೋಡಿದೆ. ಹೌದು. ಟಿಶ್ಯೂ ಅನ್ನುವ ಮಾತೇ ಇಲ್ಲ. ಮೊದಲೇ ಯೋಚನೆ ಮಾಡಿ ಬರೆದಿದ್ದ! ಈಗ ಫೋನ್ ಎತ್ತುವುದೇ ಇಲ್ಲ.

ಆಮೇಲೆ ಧಾರವಾಡದಲ್ಲಿ ಹತ್ತಿ ತಳಿ ಕೆಲಸ ಗೊತ್ತಿರುವವರನ್ನು ಕೇಳಿದೆ. ಹತ್ತಿಯಲ್ಲೂ ಟಿಶ್ಯೂ ಕಲ್ಚರ್ ಇದೆಯಂತೆ, ಆದರೆ ಅದು ಹೊಸ ಜೀನ್ ಸೇರಿಸುವ ಸಂಶೋಧನೆಗೆ. ಅದೂ ಕೋಕರ್ 312 ಅನ್ನುವ ಅಮೆರಿಕದ ತಳಿಯಂಥ ಕೆಲವದರಲ್ಲಿ ಮಾತ್ರ ಸಲೀಸಾಗಿ ಬರುತ್ತದೆ. ಮೊಳಕೆಯ ಒಂದು ತುಣುಕು ಗಿಡವಾಗಲು ಎಷ್ಟೋ ತಿಂಗಳು ಬೇಕು. ಕೊನೆಗೆ ರೈತರ ಕೈಗೆ ಬರುವುದು ಬೀಜವೇ. ನಾವು ತಿನ್ನುವ ಬಾಳೆಯಲ್ಲಿ ಬೀಜ ಇಲ್ಲ, ಅದಕ್ಕೇ ಟಿಶ್ಯೂ. ಹತ್ತಿಗೆ ಬೀಜ ಇದೆಯಲ್ಲ! ಇದು ನನಗೆ ಆಗ ಹೊಳೆಯಲೇ ಇಲ್ಲ, ಅದೇ ಸಂಕಟ.

ಹತ್ತಿ ಹಾಕುವವರು ಬಿಲ್ ಇರುವ ಬೀಜದ ಪ್ಯಾಕೆಟ್ ತಗೊಳ್ಳಿ. ಬಾಳೆ ಸಸಿ ಕೊಂಡರೂ ಲ್ಯಾಬಿನ ಹೆಸರು, ಟಿಶ್ಯೂ ಅನ್ನುವ ಮಾತು ಎರಡನ್ನೂ ಬಿಲ್ಲಿನಲ್ಲಿ ಬರೆಸಿ. ಬರೆಯದಿದ್ದರೆ ಎದ್ದು ಬನ್ನಿ. ಈಗ ಆ ನರ್ಸರಿಯವನು ಹಳಿಯಾಳದ ಕಡೆ ಬುಕಿಂಗ್ ಶುರು ಮಾಡಿದ್ದಾನೆ ಅಂತ ನಿನ್ನೆ ಗೊತ್ತಾಯಿತು. ಅಲ್ಲಿ ನಿಮ್ಮವರು ಯಾರಾದರೂ ಇದ್ದರೆ ಇವತ್ತೇ ಹೇಳಿ.