ಬೆಳಗಾವಿ–ಸವದತ್ತಿ ಬಸ್ಸು: ಟಿಕೆಟ್ ಪುಕ್ಕಟೆ, ಸೀಟಿನ ಮಾತು ಬೇರೆ

ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ಬೆಳಗಾವಿಯಿಂದ ಯರಗಟ್ಟಿ ಮೇಲೆ ಸವದತ್ತಿಗೆ ಹೋಗುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಯಲ್ಲಮ್ಮನ ಗುಡ್ಡಕ್ಕೆ ಹೊರಟ ಸಂಸಾರಸ್ಥರು, ಚೌಡಕಿ ವಾದ್ಯ, ಪಡಲಗಿ ಬುಟ್ಟಿ ಹಿಡಿದ, ಯಲ್ಲಮ್ಮನಿಗೆ ಮುಡಿಪಾದ ಜೋಗಮ್ಮ, ಜೋಗಪ್ಪಂದಿರು ಎಲ್ಲರೂ ಅದೇ ಬಸ್ಸಿಗೆ. ವಾಯವ್ಯ ಕರ್ನಾಟಕ ಸಾರಿಗೆಯ ಈ ಸೇವೆಯನ್ನು ಸೀರೆ ಉಟ್ಟ ಜೋಗಪ್ಪನ ಕಡೆಯಿಂದ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಟ್ರಾನ್ಸ್ ಮಹಿಳೆಯ ಕಡೆಯಿಂದ ನೋಡಿದರೆ ಟಿಕೆಟಿಗೆ ಕೊಡುವ ಅಂಕವನ್ನು ಸೀಟಿಗೆ ಕೊಡಲಾಗದು. ಶೌಚಾಲಯಕ್ಕಂತೂ ಇನ್ನೂ ಕಡಿಮೆ.

ಮೊದಲು ಟಿಕೆಟ್. ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣ ಕೊಡುವ, 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಮಹಿಳೆಯರಿಗೆ ಮಾತ್ರ ಅಂತ ಎಷ್ಟೋ ಜನ ಇವತ್ತಿಗೂ ತಿಳಿದಿದ್ದಾರೆ. ಹಾಗಲ್ಲ, ಲಿಂಗತ್ವ ಅಲ್ಪಸಂಖ್ಯಾತರೂ (ಟ್ರಾನ್ಸ್‌ಜೆಂಡರ್ ಜನ) ಅದರಲ್ಲಿದ್ದಾರೆ. ನಗರ ಸಾರಿಗೆ, ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ನಡೆಯುತ್ತದೆ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಲ್ಲಿ ಇಲ್ಲ. ಕಂಡಕ್ಟರ್ ಶೂನ್ಯ ಟಿಕೆಟ್ ಕೊಡುತ್ತಾರೆ, ಇಳಿಯುವ ತನಕ ಅದನ್ನು ಇಟ್ಟುಕೊಳ್ಳಬೇಕು. ಪುಕ್ಕಟೆ ತಾನೇ ಎಂದು ಟಿಕೆಟ್ ಪಡೆಯದೆ ಕೂತವರಿಗೆ ತಪಾಸಣೆಯವರು ಬಂದಾಗ ತೊಂದರೆ. ಶೂನ್ಯ ಟಿಕೆಟ್ ಆಳಿಗೆ ಮಾತ್ರ, ಮಿತಿ ಮೀರಿದ ಲಗೇಜಿಗೆ ಬೇರೆ ದುಡ್ಡು ಕೊಡಬೇಕು.

ಎಡವುವುದು ಗುರುತಿನ ಚೀಟಿಯಲ್ಲಿ. ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಬೇಕು. ಗಡಿ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ: ಹತ್ತು ವರ್ಷದಿಂದ ಬೆಳಗಾವಿಯಲ್ಲೇ ಇದ್ದರೂ ಆಧಾರ್ ಕೊಲ್ಹಾಪುರದ್ದಾಗಿದ್ದರೆ ಪೂರ್ತಿ ದರ. ಎರಡನೆಯ ತೊಡಕು ಆಧಾರಿನ 'ಪುರುಷ' ಎಂಬ ಪದ. ಮುಂದೆ ನಿಂತವರು ಸೀರೆಯಲ್ಲಿ, ಕಾರ್ಡಿನಲ್ಲಿ ಪುರುಷ. ಕಂಡಕ್ಟರ್ ಕಾರ್ಡನ್ನೇ ನಂಬುತ್ತಾರೆ, ಲೆಕ್ಕ ಒಪ್ಪಿಸಬೇಕಾದವರು ಅವರೇ ಆದ್ದರಿಂದ ಅವರನ್ನು ಪೂರಾ ದೂರುವಂತಿಲ್ಲ. ದಾರಿ ಇರುವುದು ರಾಷ್ಟ್ರೀಯ ಟ್ರಾನ್ಸ್‌ಜೆಂಡರ್ ಪೋರ್ಟಲ್‌ನಲ್ಲಿ ಜಿಲ್ಲಾಧಿಕಾರಿಗೆ ಅರ್ಜಿ ಹಾಕಿ ಪ್ರಮಾಣಪತ್ರ, ಗುರುತಿನ ಚೀಟಿ ಎರಡನ್ನೂ ಪಡೆಯುವುದು, ಆಮೇಲೆ ಆಧಾರ್ ತಿದ್ದಿಸುವುದು. ಒಂದು ಎಚ್ಚರ: ಆಧಾರಿನಲ್ಲಿ ಲಿಂಗವನ್ನು ಬದಲಿಸಲು ಅವಕಾಶ ಒಂದೇ ಸಲ. ಹೆಸರು ಮತ್ತು ಲಿಂಗವನ್ನು ಒಟ್ಟಿಗೇ ತಿದ್ದಿಸಿದರೆ ಕಾರ್ಡಿನಲ್ಲಿ ಒಂದು ಹೆಸರು, ಪ್ರಮಾಣಪತ್ರದಲ್ಲಿ ಇನ್ನೊಂದು ಎಂಬ ಗೋಜಲು ಇರುವುದಿಲ್ಲ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವ ಟ್ರಾನ್ಸ್ ಪುರುಷರಿಗೆ ಇಲ್ಲೊಂದು ವಿಚಿತ್ರ. ಕಾರ್ಡಿನಲ್ಲಿ 'ಪುರುಷ' ಎಂದು ಬರೆಸಿಕೊಂಡವರು ಅದೇ ಕಾರ್ಡು ತೋರಿಸಿ ಶೂನ್ಯ ಟಿಕೆಟ್ ಕೇಳುವುದು ಕಷ್ಟ.

ಇನ್ನು ಸೀಟು. ವಾಯವ್ಯ ಸಾರಿಗೆಯ ಬಸ್ಸಿನಲ್ಲಿ ಅರ್ಧ ಸೀಟು ಗಂಡಸರಿಗೆ ಎಂದು ಶಕ್ತಿ ಯೋಜನೆಯಲ್ಲೇ ಇದೆ. ಹಾಗಾದರೆ ಜೋಗಪ್ಪ ಯಾವ ಅರ್ಧದಲ್ಲಿ ಕೂರಬೇಕು? ಟಿಕೆಟಿನಲ್ಲಿ ಮಹಿಳೆಯರ ಜೊತೆಗೆ ಎಣಿಸಿದವರನ್ನು ಸೀಟಿನಲ್ಲಿ ಎಲ್ಲಿ ಎಣಿಸಬೇಕೆಂಬುದು ಕಂಡಕ್ಟರ್ ವಿವೇಚನೆಗೆ ಬಿಟ್ಟಂತಾಗಿದೆ. ಬಸ್ಸು ಖಾಲಿ ಇದ್ದಾಗ ಯಾರೂ ಕೇಳುವುದಿಲ್ಲ. ರಶ್ ಆದಾಗ ಮುಂದಿನವರು 'ಹಿಂದ ಹೋಗ್ರಿ' ಅಂದರೆ ಹಿಂದಿನವರು 'ನೀವು ಲೇಡೀಸ್ ಕಡೆ ಹೋಗ್ರಿ' ಅನ್ನುತ್ತಾರೆ. ಕೂಸು ಎತ್ತಿಕೊಂಡು ಸವದತ್ತಿ ತನಕ ನಿಂತೇ ಬರುವ ಹೆಂಗಸು ಸೀಟಿಗಾಗಿ ಗೊಣಗಿದರೆ ಅದನ್ನು ದ್ವೇಷ ಎನ್ನಲಾಗದು. ಅಲ್ಲಿ ಕೊರತೆ ಇರುವುದು ಬಸ್ಸುಗಳದ್ದು. ಜಾತ್ರೆ ದಿನಗಳಲ್ಲಿ ನಿಲ್ದಾಣದಲ್ಲೇ, ಹೊರಡುವ ಮುಂಚೆ ಹತ್ತಿ ಕಂಡಕ್ಟರ್‌ಗೆ ಕಾರ್ಡು ತೋರಿಸಿ ಕೂರುವುದು ಒಳ್ಳೆಯದು. ನಡುದಾರಿಯಲ್ಲಿ, ಹತ್ತು ಜನರ ಕಿವಿಗೆ ಬೀಳುವಂತೆ ನಡೆಯುವ ವಿಚಾರಣೆಗಿಂತ ಅದು ಎಷ್ಟೋ ವಾಸಿ.

ಬ್ರಿಟನ್ನಿನಲ್ಲಿ ಇದೇ ಜಗಳ ಪದದ ಮೇಲೆ ನಿಂತಿತು. 2010ರ ಸಮಾನತೆ ಕಾಯ್ದೆಯಲ್ಲಿ 'ಮಹಿಳೆ' ಎಂದರೆ ಜೈವಿಕವಾಗಿ ಹೆಣ್ಣಾದವರು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 16ರಂದು ಹೇಳಿತು. ಶಕ್ತಿ ಆ ಗೊಡವೆಗೇ ಹೋಗಲಿಲ್ಲ. ಮಹಿಳೆಯರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರನ್ನೂ ಹೆಸರಿಸಿ ಒಂದೇ ಟಿಕೆಟ್ ಕೊಟ್ಟಿತು. ಆ ನಡೆ ಜಾಣತನದ್ದೇ. ಆದರೆ ಸೀಟಿನ ಮೇಲಿನ ಬರಹಕ್ಕೂ ಶೌಚಾಲಯದ ಫಲಕಕ್ಕೂ ಅದು ಇಳಿದು ಬಂದಿಲ್ಲ.

ಶೌಚಾಲಯದ ವಿಚಾರದಲ್ಲಿ ಸರ್ಕಾರಿ ಮಾತೇ ಎರಡು ದಿಕ್ಕಿಗೆ ಎಳೆಯುತ್ತದೆ. ಟ್ರಾನ್ಸ್‌ಜೆಂಡರ್ ಹಕ್ಕುಗಳ ಬಗ್ಗೆ ಭಾರತದ ಸುಪ್ರೀಂ ಕೋರ್ಟ್ ಕೊಟ್ಟ 2014ರ ನಾಲ್ಸಾ ತೀರ್ಪು ಪ್ರತ್ಯೇಕ ಸಾರ್ವಜನಿಕ ಶೌಚಾಲಯ ಕಟ್ಟಿಸಿ ಎಂದಿತು. 2017ರ ಏಪ್ರಿಲ್‌ನಲ್ಲಿ ಕೇಂದ್ರದ ಕುಡಿಯುವ ನೀರು ಮತ್ತು ನೈರ್ಮಲ್ಯ ಸಚಿವಾಲಯ, ಗಂಡಸರದ್ದೋ ಹೆಂಗಸರದ್ದೋ ಅವರವರ ಆಯ್ಕೆಯದನ್ನು ಬಳಸಲು ಬಿಡಿ ಎಂದಿತು. ಇವರನ್ನು ಸಾರ್ವಜನಿಕ ಸ್ಥಳ ಬಳಸದಂತೆ ತಡೆಯುವುದು 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆ ಕಾಯ್ದೆಯಡಿ ಅಪರಾಧ, 6 ತಿಂಗಳಿಂದ 2 ವರ್ಷದವರೆಗೆ ಜೈಲು. ಎರಡೇ ಬಾಗಿಲಿರುವ ನಿಲ್ದಾಣದಲ್ಲಿ ದುಡ್ಡು ಇಸಿದುಕೊಳ್ಳಲು ಕೂತ ಗುತ್ತಿಗೆ ಹುಡುಗನಿಗೆ ಇದ್ಯಾವುದನ್ನೂ ಯಾರೂ ಹೇಳಿಕೊಟ್ಟಿರುವುದಿಲ್ಲ.

ಜಗಳದ ಮೂಲ ಎಷ್ಟೋ ಕಡೆ ಬಾಗಿಲಿನ ರಚನೆಯಲ್ಲೇ ಇರುತ್ತದೆ. ಕೆಳಗೆ ಅರ್ಧ ಅಡಿ ಸಂದು, ಮೇಲೆ ಬಯಲು, ಚಿಲಕ ಮುರಿದದ್ದು: ಇಂಥ ಕಡೆ ಯಾವ ಹೆಂಗಸಿಗೂ ನೆಮ್ಮದಿ ಇರುವುದಿಲ್ಲ, ಪಕ್ಕದಲ್ಲಿ ಟ್ರಾನ್ಸ್ ಮಹಿಳೆ ಇರಲಿ ಬಿಡಲಿ. ನೆಲದಿಂದ ಸೂರಿನವರೆಗೆ ಗೋಡೆ, ಒಳಗೇ ನಲ್ಲಿ ಮತ್ತು ಕನ್ನಡಿ, ಗಟ್ಟಿ ಚಿಲಕ, ಸ್ಯಾನಿಟರಿ ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ ಇರುವ ಒಂಟಿ ಕೋಣೆಗಳನ್ನು ನಾಲ್ಕು ಕಟ್ಟಿದರೆ ಯಾರು ಎಲ್ಲಿ ಹೋಗಬೇಕೆಂಬ ವಾದವೇ ಏಳುವುದಿಲ್ಲ. ಅಂಗವಿಕಲರ ಕೋಣೆಯನ್ನೇ ಇವರಿಗೂ ಬಿಟ್ಟುಕೊಡುವುದು ಸುಲಭದ ಉಪಾಯ, ದೆಹಲಿ ಮೆಟ್ರೋ 2021ರಲ್ಲಿ ಹಾಗೇ ಮಾಡಿತು. ಆದರೆ ಬೀಗದ ಕೈ ಸಿಬ್ಬಂದಿಯ ಜೇಬಿನಲ್ಲಿದ್ದರೆ ಇಬ್ಬರಿಗೂ ಅದು ದಕ್ಕದು.

ಸವದತ್ತಿಯಲ್ಲಿ ಇಳಿದ ಮೇಲೆ ಗುಡ್ಡಕ್ಕೆ ಇನ್ನು ಸುಮಾರು 5 ಕಿ.ಮೀ. ಸರ್ಕಾರಿ ಬಸ್ಸಾದರೆ ಅಲ್ಲಿಗೂ ಶೂನ್ಯ ಟಿಕೆಟ್. ಟೆಂಪೊ ಹತ್ತಿದರೆ ಕೈಯಿಂದ ಕೊಡಬೇಕು.