ತಂತಿ ಬೋನು, ಅಂಟಿನ ಪುಸ್ತಕ, ಕತ್ತರಿ: ಸುಂಡಿಲಿಗೆ ಯಾವುದು?

ಮನೆಯ ಸಣ್ಣ ಇಲಿಯಾದ ಸುಂಡಿಲಿಯನ್ನು ಹಿಡಿಯುವ ಸಾಧನಗಳಲ್ಲಿ ನಾನು ಕತ್ತರಿಯ, ಅಂದರೆ ಸ್ಪ್ರಿಂಗಿನ ಏಟಿಗೆ ಇಲಿಯನ್ನು ಕೊಲ್ಲುವ ಬೋನಿನ, ಪಕ್ಷಪಾತಿ ಎಂಬುದನ್ನು ಮೊದಲೇ ಒಪ್ಪಿಕೊಂಡು ಬರೆಯುತ್ತಿದ್ದೇನೆ. ಬಟ್ಟೆ ಕ್ಲಿಪ್ಪಿನ ಹಾಗೆ ಬಾಯಿ ತೆರೆಯುವ 60 ರೂಪಾಯಿಯ ಪ್ಲಾಸ್ಟಿಕ್ ಕತ್ತರಿ ಎರಡು ವಾರದಲ್ಲಿ ಮುಗಿಸಿದ ಕೆಲಸವನ್ನು, ಅದರ ನಾಲ್ಕೈದು ಪಟ್ಟು ಬೆಲೆಯ ತಂತಿ ಬೋನು ಒಂದು ತಿಂಗಳಾದರೂ ಮುಗಿಸಿರಲಿಲ್ಲ. ನಡುವೆ ಅಂಟಿನ ಪುಸ್ತಕವನ್ನೂ, ಅಂದರೆ ಪುಸ್ತಕದಂತೆ ತೆರೆದಿಡುವ ಅಂಟು ಬಳಿದ ರಟ್ಟನ್ನೂ, ತಂದೆ. ಅದನ್ನು ಇನ್ನೊಮ್ಮೆ ತರುವುದಿಲ್ಲ.

ಕಳೆದ ವರ್ಷ ನವರಾತ್ರಿಗೆ ನಾಲ್ಕು ದಿನ ಮುಂಚೆ ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸಿದಾಗ ಪಟ್ಟದ ಗೊಂಬೆಗಳಲ್ಲಿ ರಾಣಿಯ ಸೆರಗೇ ಇರಲಿಲ್ಲ. ಅಮ್ಮ ತನ್ನ ಮದುವೆಯ ಸೀರೆಯ ತುಂಡಿನಲ್ಲಿ ಹೊಲಿದು ಉಡಿಸಿದ್ದ ಆ ರೇಷ್ಮೆ, ಗೊಂಬೆ ಸುತ್ತಿಟ್ಟಿದ್ದ ಹಳೆಯ ಪತ್ರಿಕೆಯ ಚೂರುಗಳೊಂದಿಗೆ ಕಲೆತು, ಪೆಟ್ಟಿಗೆಯ ಮೂಲೆಯಲ್ಲಿ ಬಟ್ಟಲಿನಷ್ಟು ಗೂಡಾಗಿತ್ತು. ಗೂಡಿನಲ್ಲಿ ಯಾರೂ ಇರಲಿಲ್ಲ. ಅಂದರೆ ಸಂಸಾರ ಆಗಲೇ ಅಡುಗೆಮನೆಗೆ ಇಳಿದಿತ್ತು. ಒಲೆಯ ಕಟ್ಟೆಯ ಕೆಳಗೆ, ಸಿಲಿಂಡರಿನ ಹಿಂದೆ, ರಾಗಿ ಡಬ್ಬದ ಸುತ್ತ ಕರಿ ಜೀರಿಗೆಯನ್ನು ಚೆಲ್ಲಿದಂತೆ ಹಿಕ್ಕೆ ಬಿದ್ದಿತ್ತು. ಬೋನು ಕೊಳ್ಳುವ ಮೊದಲು ಈ ಹಿಕ್ಕೆಯನ್ನು ನೋಡುವುದೇ ಮುಖ್ಯವೆಂದು ನನಗೆ ಆಮೇಲೆ ತಿಳಿಯಿತು. ಜೀರಿಗೆಯ ಗಾತ್ರವಾದರೆ ಅದು ಸುಂಡಿಲಿ, 15ರಿಂದ 25 ಗ್ರಾಂ ತೂಗುವ ಜೀವ. ಒಂದು ಸೆಂಟಿಮೀಟರಿಗಿಂತ ಉದ್ದವಾಗಿ ದಪ್ಪಗಿದ್ದರೆ ದೊಡ್ಡ ಇಲಿ, ಇಲ್ಲವೇ ಹೆಗ್ಗಣ. ಇವೆರಡಕ್ಕೂ ಒಂದೇ ಬೋನು ನಡೆಯುವುದಿಲ್ಲ.

ಗಣಪತಿಯನ್ನು ಬಿಟ್ಟು ಬಂದು ಇನ್ನೂ ತಿಂಗಳು ತುಂಬಿರಲಿಲ್ಲವಾದ್ದರಿಂದ ಅವನ ವಾಹನವನ್ನು ಕೊಲ್ಲುವುದು ಬೇಡವೆಂದು ಅಮ್ಮ ಹೇಳಿದರು. ಹಾಗಾಗಿ ಮೈಸೂರಿನ ಸಂತೆಪೇಟೆಯ ಒಂದು ಅಂಗಡಿಯಿಂದ 280 ರೂಪಾಯಿ ಕೊಟ್ಟು, ಜೀವಸಹಿತ ಹಿಡಿಯುವ ತಂತಿ ಬೋನನ್ನು ತಂದೆ. ಎಲ್ಲರೂ ಕಂಡಿರುವ ಬೋನೇ ಅದು: ಒಳಗಿನ ಕೊಕ್ಕೆಗೆ ತಿಂಡಿ ಸಿಕ್ಕಿಸಿದರೆ, ಇಲಿ ಅದನ್ನು ಎಳೆದಾಗ ಮೇಲಿನ ಕಂಬಿ ಜಾರಿ, ಸ್ಪ್ರಿಂಗಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೊಬ್ಬರಿಯ ಚೂರನ್ನು ಗ್ಯಾಸಿನ ಉರಿಯಲ್ಲಿ ಸುಟ್ಟು, ಎಣ್ಣೆ ಜಿನುಗುತ್ತಿರುವಾಗಲೇ ಕೊಕ್ಕೆಗೆ ಚುಚ್ಚಿ ಮಲಗಿದೆವು.

ಮೊದಲ ಬೆಳಿಗ್ಗೆ ಕೊಬ್ಬರಿ ಇರಲಿಲ್ಲ, ಬಾಗಿಲು ತೆರೆದೇ ಇತ್ತು. ಎರಡನೆಯ ಬೆಳಿಗ್ಗೆ ಬಾಗಿಲು ಮುಚ್ಚಿತ್ತು, ಕೊಬ್ಬರಿಯೂ ಇರಲಿಲ್ಲ, ಇಲಿಯೂ ಇರಲಿಲ್ಲ. ಇದು ಹೇಗೆಂದು ತಲೆಕೆಡಿಸಿಕೊಂಡು ಮೂರನೆಯ ರಾತ್ರಿ ದೀಪ ಆರಿಸಿ, ಮೊಬೈಲಿನ ಬೆಳಕನ್ನು ಬಟ್ಟೆಯಿಂದ ಮಂದ ಮಾಡಿಟ್ಟು, ಅಡುಗೆಮನೆಯ ಬಾಗಿಲಲ್ಲಿ ಕುಳಿತೆ. ಹನ್ನೊಂದೂವರೆಯ ಹೊತ್ತಿಗೆ ಅದು ಬಂತು. ಬೋನಿನ ಬಾಗಿಲಿನಿಂದಲೇ ಮರ್ಯಾದೆಯಾಗಿ ಒಳಗೆ ಹೋಗಿ ಕೊಬ್ಬರಿಯನ್ನು ಎಳೆಯಿತು, ಫಟ್ಟನೆ ಬಾಗಿಲು ಬಿತ್ತು, ಒಂದು ಕ್ಷಣ ಬೆಚ್ಚಿ ಮೂಲೆಗೆ ಒತ್ತಿಕೊಂಡಿತು. ಆಮೇಲೆ ಎರಡು ತಂತಿಗಳ ನಡುವೆ ಮೂತಿ ತೂರಿಸಿ, ತಲೆ ಹೊರಗಾದೊಡನೆ ಉಳಿದ ಮೈಯನ್ನು ನೀರಿನಂತೆ ಹರಿಸಿಕೊಂಡು ಹೊರಟುಹೋಯಿತು. ಹೋಗುವಾಗ ಕೊಬ್ಬರಿಯ ಚೂರು ಬಾಯಲ್ಲೇ ಇತ್ತು.

ಬೆಳಿಗ್ಗೆ ಅಳತೆಪಟ್ಟಿ ಹಿಡಿದು ನೋಡಿದರೆ ತಂತಿಗಳ ನಡುವಿನ ಸಂದು 12 ಮಿಲಿಮೀಟರ್ ಇತ್ತು. ಸುಂಡಿಲಿ ನುಸುಳಲು ಪೆನ್ಸಿಲ್ ದಪ್ಪದ, ಅಂದರೆ ಸುಮಾರು 6 ಮಿಲಿಮೀಟರಿನ ಸಂದು ಸಾಕು. ನಾನು ತಂದಿದ್ದು ದೊಡ್ಡ ಇಲಿಯ ಬೋನು. ಅಂಗಡಿಯಲ್ಲಿ ‘ಇಲಿ ಬೋನು ಕೊಡಿ’ ಎಂದಿದ್ದೆ, ಅವರು ಇಲಿ ಬೋನನ್ನೇ ಕೊಟ್ಟಿದ್ದರು. ಎಂಥ ಇಲಿ ಎಂದು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಹಣ ಕೊಟ್ಟಾಗಿದೆಯಲ್ಲ ಎಂದು ಅದನ್ನೇ ಸರಿಮಾಡಲು ಹೊರಟದ್ದು ಎರಡನೆಯ ತಪ್ಪು. ಕಿಟಕಿಗೆ ಹೊಡೆದು ಉಳಿದಿದ್ದ ಸೊಳ್ಳೆಯ ಕಬ್ಬಿಣದ ಜಾಲರಿಯನ್ನು ಬೋನಿನ ಸುತ್ತ ಸುತ್ತಿ, ಸಣ್ಣ ತಂತಿಯಲ್ಲಿ ಹೊಲಿದೆ. ಸಂದು ಮುಚ್ಚಿದ ಮೇಲೆ ಕೊಕ್ಕೆಯ ತೊಂದರೆ ಕಾಣಿಸಿಕೊಂಡಿತು. ಕಾಲು ಕಿಲೋ ತೂಗುವ ಇಲಿಯ ಎಳೆತಕ್ಕೆಂದು ಬಿಗಿ ಮಾಡಿದ ಕೊಕ್ಕೆಯನ್ನು 20 ಗ್ರಾಮಿನ ಸುಂಡಿಲಿ ಅಲುಗಿಸದೆಯೇ ಕೊಬ್ಬರಿಯನ್ನು ಕೆರೆದು ಕೆರೆದು ತಿಂದು ಮುಗಿಸುತ್ತಿತ್ತು. ಇಕ್ಕಳದಿಂದ ಕಂಬಿಯ ತುದಿಯನ್ನು ಬಗ್ಗಿಸಿ ಸಡಿಲ ಮಾಡಿದರೆ, ನಡುರಾತ್ರಿ ಪಕ್ಕದ ಫ್ರಿಜ್ ನಡುಗಿ ನಿಂತಾಗಲೆಲ್ಲ ಬೋನು ತಾನಾಗಿಯೇ ಬೀಳುತ್ತಿತ್ತು. ಒಂದು ಕೂದಲೆಳೆ ಅತ್ತಿತ್ತ ಬಗ್ಗಿಸುವುದರಲ್ಲೇ ನಾಲ್ಕು ರಾತ್ರಿ ಕಳೆದವು. ಒಂಬತ್ತನೆಯ ದಿನ ಕೊನೆಗೂ ಒಂದು ಸಿಕ್ಕಿತು.

ಸಿಕ್ಕಿದ ಮೇಲೆ ಏನು ಎಂಬ ಪ್ರಶ್ನೆಯನ್ನು ಬೋನು ಮಾರುವವರಾರೂ ಎತ್ತುವುದಿಲ್ಲ. ನಾನು ಬೆಳಿಗ್ಗೆ ಆರೂವರೆಗೆ ಬಸ್ಸು ಹಿಡಿಯುವವನು. ಜೀವವಿರುವ ಇಲಿಯನ್ನು ಸಂಜೆಯವರೆಗೆ ಬೋನಿನಲ್ಲಿ ನೀರಿಲ್ಲದೆ ಕೊಳೆಹಾಕುವುದಕ್ಕೆ ಅಮ್ಮನೂ ಒಪ್ಪಲಿಲ್ಲ, ನನಗೂ ಮನಸ್ಸಾಗಲಿಲ್ಲ. ಬಕೆಟ್ಟಿನಲ್ಲಿ ಮುಳುಗಿಸಿಬಿಡು ಎಂದು ಎದುರುಮನೆಯವರು ಸಲಹೆ ಕೊಟ್ಟರು. ಹಾಗೆ ಮಾಡುವುದಾದರೆ ಜೀವಸಹಿತ ಹಿಡಿಯುವ ಬೋನಿಗೆ ಅರ್ಥವೇನು? ಹಿತ್ತಲಿಗೆ ಬಿಟ್ಟರೆ ಸಂಜೆಯೊಳಗೆ ವಾಪಸ್ಸು. ಹೀಗಾಗಿ ಬೋನನ್ನು ಗೋಣಿಚೀಲದಲ್ಲಿ ಸುತ್ತಿ ಸ್ಕೂಟರಿನ ಕಾಲಿಡುವ ಜಾಗದಲ್ಲಿಟ್ಟುಕೊಂಡು ಎರಡು ಕಿಲೋಮೀಟರ್ ದೂರದ ಖಾಲಿ ಜಾಗದ ಪೊದೆಗೆ ಬಿಟ್ಟು ಬಂದೆ. ಅಂದು ಬಸ್ಸು ತಪ್ಪಿತು. ಮುಂದಿನ ಮೂರು ವಾರಗಳಲ್ಲಿ ಇದೇ ಪ್ರಯಾಣ ಇನ್ನೆರಡು ಬಾರಿ ನಡೆಯಿತು. ಸುಂಡಿಲಿ ಸುಮಾರು 20 ದಿನಕ್ಕೆ ಈಯುತ್ತದೆ, ಒಂದು ಸೂಲಿಗೆ ಐದಾರು ಮರಿ ಸಾಮಾನ್ಯ, ಆ ಮರಿಗಳು ಒಂದೂವರೆ ತಿಂಗಳಲ್ಲಿ ತಾವೇ ಮರಿ ಹಾಕಲು ಸಿದ್ಧ. ತಿಂಗಳಿಗೆ ಮೂರರಂತೆ ಹಿಡಿಯುವವನು ಈ ಲೆಕ್ಕದಲ್ಲಿ ಸೋಲುತ್ತಲೇ ಇರುತ್ತಾನೆ.

ತಂತಿ ಬೋನನ್ನು ಪೂರ್ತಿ ಅಲ್ಲಗಳೆಯುತ್ತಿಲ್ಲ. ಅಟ್ಟದಲ್ಲಿ ಅಡಿಕೆ, ತೆಂಗು, ಭತ್ತದ ಚೀಲ ಇಡುವ ಹೆಂಚಿನ ಮನೆಗಳಲ್ಲಿ ದೊಡ್ಡ ಇಲಿಗೆ ಅದೇ ಸರಿ. ಆದರೆ ದೊಡ್ಡ ಇಲಿ ಸಂಶಯದ ಪ್ರಾಣಿ. ಹೊಸ ವಸ್ತುವನ್ನು ಕಂಡರೆ ಕೆಲವು ದಿನ ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ಮೂರು ನಾಲ್ಕು ರಾತ್ರಿ ಬಾಗಿಲನ್ನು ಕಟ್ಟಿ ತೆರೆದಿಟ್ಟು, ತಿಂಡಿ ತಿಂದು ಹೋಗಲು ಬಿಟ್ಟು, ಆಮೇಲೆ ಕೊಕ್ಕೆ ಹೂಡಬೇಕು. ಸುಂಡಿಲಿಯದು ಇದಕ್ಕೆ ವಿರುದ್ಧ ಗುಣ. ಹೊಸದು ಕಂಡರೆ ಅದಕ್ಕೆ ಕುತೂಹಲ, ಮೊದಲ ರಾತ್ರಿಯೇ ಬಂದು ಮೂಸುತ್ತದೆ.

ಅಂಟಿನ ಪುಸ್ತಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಟ್ಟ ರಾತ್ರಿಯೇ ಸಿಕ್ಕಿತು, ಅದು ನಿಜ. ಎರಡು ಗಂಟೆಗೆ ಕೀರಲು ಧ್ವನಿ ಶುರುವಾಗಿ ಮನೆಮಂದಿಯೆಲ್ಲ ಎದ್ದೆವು. ಎದ್ದು ನೋಡಿದರೆ ಇಲಿಯ ಮೂರು ಕಾಲೂ ಒಂದು ಕೆನ್ನೆಯೂ ಅಂಟಿನಲ್ಲಿ, ಪಕ್ಕದಲ್ಲಿ ಏನೂ ತಪ್ಪು ಮಾಡದ ಒಂದು ಹಲ್ಲಿ. ಹಲ್ಲಿಯನ್ನು ಅಡುಗೆ ಎಣ್ಣೆ ಸವರಿ ಬಿಡಿಸಿದೆವು, ಎಣ್ಣೆಗೆ ಆ ಅಂಟು ಬಿಡುತ್ತದೆ. ಕೊಲ್ಲುವುದು ಬೇಡವೆಂದಿದ್ದ ಅಮ್ಮ, ಹೀಗೆ ನರಳಿಸುವ ಬದಲು ಒಂದೇ ಏಟಿಗೆ ಸಾಯಿಸುವುದು ಮೇಲು ಎಂದದ್ದು ಆ ರಾತ್ರಿಯೇ. ನ್ಯೂಜಿಲೆಂಡ್ 2015ರಿಂದ ಇಂಥ ಅಂಟಿನ ಬೋನಿನ ಮಾರಾಟ ಮತ್ತು ಬಳಕೆಯನ್ನು ನಿರ್ಬಂಧಿಸಿದೆ, ಇಂಗ್ಲೆಂಡಿನಲ್ಲಿ 2024ರ ಜುಲೈ ಕೊನೆಯಿಂದ ಸಾರ್ವಜನಿಕರು ಇದನ್ನು ಬಳಸುವುದು ಅಪರಾಧ. ನಮ್ಮಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಇದನ್ನು ತಡೆಯುವಂತೆ ರಾಜ್ಯಗಳಿಗೆ ಬರೆದಿದೆ. ಇವು ಯಾವುದೂ ಗೊತ್ತಿಲ್ಲದಿದ್ದರೂ ಆ ಕೆನ್ನೆಯನ್ನು ಕಂಡವರು ಎರಡನೆಯ ಪುಸ್ತಕ ತರಲಾರರು.

ವಿಷದ ಬಿಲ್ಲೆಯನ್ನು ನಾನು ಇಡಲೇ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಆ ಬಿಲ್ಲೆಯನ್ನು ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ಓಡಾಡಿಕೊಂಡಿದ್ದು ಎಲ್ಲೋ ಕಪಾಟಿನ ಹಿಂದೆ ಸತ್ತು ವಾರಗಟ್ಟಲೆ ನಾರುತ್ತದೆ. ಅದನ್ನು ತಿಂದ ಬೆಕ್ಕು, ಗೂಬೆಗಳಿಗೂ ಅಪಾಯ. ಶಬ್ದದಿಂದ ಇಲಿಯನ್ನು ಓಡಿಸುತ್ತದೆನ್ನುವ, ಪ್ಲಗ್ಗಿಗೆ ಸಿಕ್ಕಿಸುವ ಯಂತ್ರವನ್ನು ತಂಗಿಯ ಮನೆಯಿಂದ ಹತ್ತು ದಿನಕ್ಕೆ ಎರವಲು ತಂದಿದ್ದೆ, ಅದರ ಮೇಲೆಯೇ ಹಿಕ್ಕೆ ಬಿದ್ದಿತ್ತು.

ಈಗ ಕತ್ತರಿ. ಮೊದಲು ತಂದದ್ದು ಮರದ ಹಲಗೆಯ ಹಳೆಯ ಮಾದರಿ, 40 ರೂಪಾಯಿ. ಅಮೆರಿಕದ ವಿಲಿಯಂ ಹೂಕರ್ 1894ರಲ್ಲಿ ಪೇಟೆಂಟ್ ಪಡೆದ ವಿನ್ಯಾಸಕ್ಕೂ ಇದಕ್ಕೂ ಮೂಲದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ: ಹಲಗೆ, ಸ್ಪ್ರಿಂಗು, ಹೊಡೆಯುವ ಕಂಬಿ, ಅದನ್ನು ಹಿಡಿದಿಡುವ ಕಡ್ಡಿ. ಕೆಲಸ ಮಾಡುತ್ತದೆ. ಆದರೆ ಹೂಡುವಾಗ ಒಂದು ಬಾರಿ ಹೆಬ್ಬೆರಳ ಉಗುರು ಕಪ್ಪಾಯಿತು, ಸತ್ತ ಇಲಿಯನ್ನು ತೆಗೆಯಲು ಕಂಬಿಯನ್ನು ಕೈಯಿಂದಲೇ ಎತ್ತಬೇಕಾಯಿತು, ರಕ್ತ ಹೀರಿದ ಮರ ತೊಳೆದರೂ ಶುದ್ಧವಾಗಲಿಲ್ಲ.

ಪ್ಲಾಸ್ಟಿಕ್ ಕತ್ತರಿಯಲ್ಲಿ ಈ ಮೂರೂ ಕಷ್ಟವಿಲ್ಲ. ಹಿಂಬದಿಯನ್ನು ಅಂಗೈಯಿಂದ, ಬೇಕಾದರೆ ಚಪ್ಪಲಿ ಕಾಲಿನಿಂದ ಒತ್ತಿದರೆ ‘ಟಕ್’ ಎಂದು ಬಾಯಿ ತೆರೆದು ನಿಲ್ಲುತ್ತದೆ. ಸಿಕ್ಕಿದ ಮೇಲೆ ಕಸದ ಚೀಲದ ಮೇಲೆ ಹಿಡಿದು ಮತ್ತೆ ಅದೇ ಜಾಗವನ್ನು ಒತ್ತಿದರೆ ಇಲಿ ಚೀಲಕ್ಕೆ ಬೀಳುತ್ತದೆ, ಮುಟ್ಟುವ ಪ್ರಶ್ನೆಯೇ ಇಲ್ಲ. ಆರೂಕಾಲಕ್ಕೆ ಕತ್ತರಿ ನೋಡಿ ಆರೂವರೆಯ ಬಸ್ಸು ಹಿಡಿಯಬಹುದು. ನನ್ನ ತೀರ್ಮಾನದ ಅರ್ಧ ಭಾಗ ಇದೇ.

ಒಂದನ್ನೇ ತರಬಾರದು. ನಾನು ನಾಲ್ಕು ತಂದೆ, ಒಟ್ಟು 240 ರೂಪಾಯಿ. ಕೈಕೊಟ್ಟ ಬೋನಿಗಿಂತ 40 ಕಡಿಮೆ. ಸುಂಡಿಲಿ ತನ್ನ ಗೂಡಿನಿಂದ ಕೆಲವೇ ಮೀಟರುಗಳ ಒಳಗೆ ಓಡಾಡುತ್ತದೆ, ನಡುಮನೆಯ ಬಯಲಿಗೆ ಬರುವುದಿಲ್ಲ. ಮೀಸೆ ಗೋಡೆಗೆ ತಾಗುವಂತೆ ಅಂಚು ಹಿಡಿದೇ ಓಡುತ್ತದೆ. ಆದ್ದರಿಂದ ಕತ್ತರಿಯನ್ನು ಗೋಡೆಗೆ ಸಮಾನಾಂತರವಾಗಿ ಇಡದೆ, ಬಾಯಿ ಗೋಡೆಯನ್ನು ಮುಟ್ಟುವಂತೆ ಅಡ್ಡಲಾಗಿ, ಎರಡು ಮೂರು ಮೀಟರಿಗೆ ಒಂದರಂತೆ ಇಡಬೇಕು. ತಿಂಡಿ ತೊಗರಿಬೇಳೆಯಷ್ಟಿದ್ದರೆ ಸಾಕು. ಹೆಚ್ಚು ಹಾಕಿದರೆ ಅಂಚಿನಲ್ಲೇ ನಿಂತು ತಿಂದು ಹೋಗುತ್ತದೆ. ಕೊಬ್ಬರಿಗಿಂತ ನನಗೆ ಒದಗಿದ್ದು ಕಡಲೆಬೀಜದ ಚಿಕ್ಕಿ: ಬೆರಳಲ್ಲಿ ಹಿಡಿದು ಸ್ವಲ್ಪ ಬಿಸಿ ತೋರಿಸಿ ಕತ್ತರಿಯೊಳಗಿನ ತಿಂಡಿಯ ಬಟ್ಟಲಿಗೆ ಒತ್ತಿದರೆ ಬೆಲ್ಲ ಹಿಡಿದುಕೊಳ್ಳುತ್ತದೆ, ಕಚ್ಚಿ ಎಳೆಯದೆ ಬರುವುದಿಲ್ಲ, ಎಳೆದರೆ ಮುಗಿಯಿತು. ಒಂದಕ್ಕೆ ಚಿಕ್ಕಿಯ ಬದಲು ಹತ್ತಿಯ ಎಳೆ ಕಟ್ಟಿದ್ದೆ. ಗೂಡು ಕಟ್ಟುವ ಹೆಣ್ಣಿಲಿಗೆ ಅದೂ ಬೇಕು. ಆ ಕತ್ತರಿ ಮೂರನೆಯ ರಾತ್ರಿ ಬಿತ್ತು. ಹನ್ನೊಂದು ದಿನದಲ್ಲಿ ಏಳು ಸಿಕ್ಕವು.

ದೋಷಗಳಿಲ್ಲವೆಂದಲ್ಲ. ಒಂದು ಬಾರಿ ಬಾಲ ಮಾತ್ರ ಸಿಕ್ಕಿ ಇಲಿ ಕತ್ತರಿಯನ್ನೇ ಎಳೆದುಕೊಂಡು ಸಿಲಿಂಡರಿನ ಹಿಂದೆ ಸೇರಿತ್ತು. ಅಂದಿನಿಂದ ಹಿಂಬದಿಗೆ ದಾರ ಕಟ್ಟಿ ಮೊಳೆಗೆ ಬಿಗಿದಿದ್ದೇನೆ. ತಂಗಿಯ ಮಗು ಬಂದಾಗ ನಾಲ್ಕನ್ನೂ ಬೂಟಿನ ಡಬ್ಬಗಳೊಳಗೆ ಇಟ್ಟು ಎರಡು ಕಡೆ ತೂತು ಕೊರೆದೆ. ಮನೆಯಲ್ಲಿ ಅಂಬೆಗಾಲಿಡುವ ಮಗುವೋ ಬೆಕ್ಕೋ ಇದ್ದರೆ ಡಬ್ಬವಿಲ್ಲದೆ ಇಡಲೇಬಾರದು. ಕೊಲ್ಲುವುದು ಆಗುವುದೇ ಇಲ್ಲ ಎನ್ನುವ ಮನೆಯವರು ಸಂದೇ ಇಲ್ಲದ ತಗಡಿನ ಪೆಟ್ಟಿಗೆ ಬೋನನ್ನು ತೆಗೆದುಕೊಳ್ಳಲಿ, ಬೆಳಗಿನ ಪ್ರಯಾಣಕ್ಕೆ ಸಮಯವಿದ್ದರೆ. ಯಾವ ಬೋನಾದರೂ ಹಿಕ್ಕೆಯನ್ನು ಒಣಗಿದ್ದಂತೆಯೇ ಗುಡಿಸಬಾರದು. ಇಲಿಯ ಮೂತ್ರದಿಂದ ಇಲಿಜ್ವರ ಹರಡುವುದು ಮಲೆನಾಡು, ಕರಾವಳಿಯವರಿಗೆ ಹೊಸ ಸುದ್ದಿಯಲ್ಲ. ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಕೈಗವಸು ಹಾಕಿಕೊಂಡು ಒರೆಸಬೇಕು.

ಅವು ಬರುತ್ತಿದ್ದ ದಾರಿ ಸಿಂಕಿನ ಕೊಳವೆ ಗೋಡೆಯೊಳಗೆ ಹೋಗುವ ಕಡೆ ಇತ್ತು. ಪೆನ್ಸಿಲ್ ತೂರಿಸಿ ನೋಡಿದೆ, ಸಲೀಸಾಗಿ ಹೋಯಿತು. ಪಾತ್ರೆ ಉಜ್ಜುವ ಉಕ್ಕಿನ ನಾರನ್ನು ತುರುಕಿ ಮೇಲೆ ಸಿಮೆಂಟು ಮೆತ್ತಿದ ಮೇಲೆ ಕತ್ತರಿಗಳು ಖಾಲಿಯಾಗಿಯೇ ಕುಳಿತಿವೆ. ಮೂರನ್ನು ತೊಳೆದು ಕಟ್ಟಿಟ್ಟಿದ್ದೇನೆ. ನಾಲ್ಕನೆಯದು ಅಟ್ಟದಲ್ಲಿ, ಗೊಂಬೆ ಪೆಟ್ಟಿಗೆಯ ಪಕ್ಕ ಬಾಯಿ ತೆರೆದುಕೊಂಡಿದೆ. ಪ್ರತಿ ಭಾನುವಾರ ಏಣಿ ಹತ್ತಿ ಚಿಕ್ಕಿ ಬದಲಾಯಿಸುತ್ತೇನೆ, ಹಳೆಯ ಚೂರನ್ನು ಇರುವೆಗಳು ಮಾತ್ರ ತಿಂದಿರುತ್ತವೆ.